ಬದುಕು ಹೊರಳಿದಾಗ ಯಾರ ಮಾತು ಹಾಡಬೇಕು?

ಅಮೆರಿಕದ ಅಲಬಾಮಾ ರಾಜ್ಯದ ಗಾಯಕ ಜೇಸನ್ ಇಸ್ಬೆಲ್ 2012ರಲ್ಲಿ ಕುಡಿತ ಬಿಡಲೆಂದು ಚಿಕಿತ್ಸಾ ಕೇಂದ್ರ ಸೇರಿದರು. ಮರುವರ್ಷ ಫೆಬ್ರವರಿಯಲ್ಲಿ ಅಮಾಂಡಾ ಶೈರ್ಸ್ ಅವರನ್ನು ಮದುವೆಯಾದರು. ಆಕೆಯೂ ಗಾಯಕಿ, ಪಿಟೀಲು ನುಡಿಸುವವರು. ಅದೇ ವರ್ಷ ಜೂನ್‌ನಲ್ಲಿ ಇಸ್ಬೆಲ್ ಅವರ ‘ಸೌತ್‌ಈಸ್ಟರ್ನ್’ ಆಲ್ಬಂ ಬಂತು. ಕುಡಿತ ಬಿಟ್ಟವನ ನಾಚಿಕೆ ಅದರಲ್ಲಿದೆ. ಕಾಪಾಡಿದ ಹೆಣ್ಣಿನ ಮುಂದೆ ಕೂತು ಆಡಿದ ಮಾತಿದೆ. ಕ್ಯಾನ್ಸರ್‌ನಿಂದ ಸಾಯುತ್ತಿರುವ ಗೆಳತಿಯ ಪಕ್ಕದಲ್ಲಿ, ಆ ರೋಗದ ಸುದ್ದಿಯೊಂದನ್ನು ಬಿಟ್ಟು ಉಳಿದೆಲ್ಲ ಮಾತಾಡುತ್ತ ಸಂಜೆ ಕಳೆಯುವವನ ಹಾಡೂ ಇದೆ. ಹತ್ತು ವರ್ಷ ಕಳೆದ ಮೇಲೆ ಆ ಮದುವೆ ಮುರಿಯಿತು. 2025ರ ಮಾರ್ಚ್‌ನಲ್ಲಿ ಇಸ್ಬೆಲ್ ‘ಫಾಕ್ಸಸ್ ಇನ್ ದ ಸ್ನೋ’ ತಂದರು. ಅದರಲ್ಲಿ ವಾದ್ಯವೃಂದವಿಲ್ಲ, ಹಳೆಯದೊಂದು ಗಿಟಾರು, ಒಂದು ಕಂಠ, ಅಷ್ಟೇ. ಅದೇ ವರ್ಷ ಶೈರ್ಸ್ ಕೂಡ ತಮ್ಮ ಆಲ್ಬಂ ತಂದರು. ಒಂದು ಸಂಸಾರ ಕೂಡಿದ್ದೂ ಮುರಿದದ್ದೂ ಹೀಗೆ ಹಾಡಾಗಿ ಕೇಳುಗರ ಮನೆ ಸೇರಿತು.

ಇಂಥ ಸಂಗೀತವನ್ನು ಅಲ್ಲಿ ‘ಆಲ್ಟರ್ನೇಟಿವ್ ಕಂಟ್ರಿ’ ಎನ್ನುತ್ತಾರೆ. ಹಳ್ಳಿಗಾಡಿನ ಕಂಟ್ರಿ ಹಾಡು ನ್ಯಾಶ್‌ವಿಲ್‌ನ ಸ್ಟುಡಿಯೋಗಳಲ್ಲಿ ತೀರಾ ನಯವಾಗಿ ಮಾರುಕಟ್ಟೆಯ ಸರಕಾದಾಗ, ಅದರ ಮೊದಲಿನ ಒರಟುತನಕ್ಕೂ ನೇರ ಮಾತಿಗೂ ಮರಳಬೇಕೆಂದು ಹೊರಟವರು ಕಟ್ಟಿದ ದಾರಿ ಅದು. ಇಲಿನಾಯ್ ರಾಜ್ಯದ ಅಂಕಲ್ ಟುಪೆಲೊ ತಂಡ 1990ರಲ್ಲಿ ತನ್ನ ಮೊದಲ ಆಲ್ಬಂಗೆ ಕಾರ್ಟರ್ ಕುಟುಂಬ ಎಂಬ ಹಳೆಯ ಕಂಟ್ರಿ ತಂಡ ಹಾಡುತ್ತಿದ್ದ ಹಾಡೊಂದರ ಹೆಸರನ್ನೇ ಇಟ್ಟುಕೊಂಡಿತು. ಬರೆಯುವವರು, ರಾಗ ಹಾಕುವವರು, ಹಾಡುವವರು ಸಾಮಾನ್ಯವಾಗಿ ಒಬ್ಬರೇ. ಹಾಡಿನೊಳಗಿನ ‘ನಾನು’ ಎದುರಿಗೆ ನಿಂತ ಮನುಷ್ಯನೇ ಇರಬಹುದು ಎಂದು ನಂಬಿ ಕೇಳುವುದು ಕೇಳುಗರ ಪಾಲಿನ ಕೆಲಸ.

ಕನ್ನಡದ ಸುಗಮ ಸಂಗೀತವನ್ನೇ ಕೇಳುತ್ತ ಬೆಳೆದ ನನಗೆ ಈ ಆಲ್ಬಂಗಳನ್ನು ಕೇಳುವಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ನಮ್ಮಲ್ಲಿ ದೊಡ್ಡ ಗಾಯಕರಿದ್ದಾರೆ, ದೊಡ್ಡ ಕವಿಗಳಿದ್ದಾರೆ. ಆದರೆ ಹಾಡುವವರು ತಮ್ಮ ಬದುಕಿನಲ್ಲಿ ನಡೆದ ಒಂದು ದೊಡ್ಡ ಪಲ್ಲಟವನ್ನು, ತಾವೇ ಬರೆದು, ಹತ್ತು ಹಾಡುಗಳ ಒಂದು ಕಟ್ಟಾಗಿ ಮುಂದಿಟ್ಟದ್ದು ಎಲ್ಲಿದೆ? ಸಾವು, ವಿಚ್ಛೇದನ, ಊರು ಬಿಟ್ಟದ್ದು, ಕೆಲಸ ಹೋದದ್ದು, ಮಗು ಹುಟ್ಟಿದ್ದು, ಇವೆಲ್ಲ ಕನ್ನಡದ ಗಾಯಕರಿಗೂ ಆಗುತ್ತವೆ. ಅವು ಅವರ ಸಂದರ್ಶನಗಳಲ್ಲಿ ಬರುತ್ತವೆ, ಹಾಡಿನಲ್ಲಿ ಬರುವುದಿಲ್ಲ. ಬರಬೇಕು ಎಂಬುದು ನನ್ನ ವಾದ. ಕನ್ನಡಕ್ಕೆ ಅದು ಹೊರಗಿನಿಂದ ತರಬೇಕಾದ ಗುಣವೂ ಅಲ್ಲ.

ಎರಡು ಇಸವಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. 1927ರ ಜುಲೈ ಕೊನೆಯಲ್ಲಿ ರಾಲ್ಫ್ ಪಿಯರ್ ಎಂಬಾತ ವಿಕ್ಟರ್ ಕಂಪನಿಯ ಪರವಾಗಿ ಧ್ವನಿಮುದ್ರಣದ ಯಂತ್ರ ಹೊತ್ತು ಟೆನೆಸ್ಸಿಯ ಬ್ರಿಸ್ಟಲ್ ಪಟ್ಟಣಕ್ಕೆ ಬಂದರು. ಹಿಂದೆ ಟೋಪಿ ಕಂಪನಿಯೊಂದರದಾಗಿದ್ದ ಕಟ್ಟಡದಲ್ಲಿ ಯಂತ್ರ ಹೂಡಿ, ಸುತ್ತಲಿನ ಬೆಟ್ಟದೂರುಗಳ ಜನರನ್ನು ಕರೆದು ಹಾಡಿಸಿದರು. ವರ್ಜೀನಿಯಾದ ಹಳ್ಳಿಯಿಂದ ಕಾರ್ಟರ್ ಕುಟುಂಬ ಹೊರಟು ಬಂದಾಗ ಸಾರಾ ಕಾರ್ಟರ್ ಅವರ ಕಂಕುಳಲ್ಲಿ ಎಳೆಗೂಸು. ಅವರ ಜೊತೆ ಬಂದ ಮೇಬೆಲ್ ತುಂಬು ಗರ್ಭಿಣಿ. ರೈಲ್ವೆ ಕೆಲಸ ಮಾಡುತ್ತಿದ್ದ, ಕ್ಷಯ ಹಿಡಿದ ಮೇಲೆ ಹಾಡನ್ನೇ ನಂಬಿದ್ದ ಜಿಮ್ಮಿ ರಾಡ್ಜರ್ಸ್ ಕೂಡ ಅದೇ ವಾರ ಅಲ್ಲಿ ಹಾಡಿದರು. ಮುಂದೆ ಅವರು ತಮ್ಮ ಕ್ಷಯರೋಗದ ಮೇಲೆಯೇ ಹಾಡು ಮಾಡಿದರು. 1933ರಲ್ಲಿ ಸಾಯುವುದಕ್ಕೆ ಕೆಲವೇ ದಿನ ಮೊದಲೂ ನ್ಯೂಯಾರ್ಕಿನ ಸ್ಟುಡಿಯೋದಲ್ಲಿ ಹಾಡುತ್ತಿದ್ದರು.

ಇನ್ನೊಂದು ಇಸವಿ 1931. ವಿಜಯಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಮೊದಲಾದ ಗೆಳೆಯರು ಬೀಸುವಾಗ, ಕುಟ್ಟುವಾಗ ಹೆಂಗಸರು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು ‘ಗರತಿಯ ಹಾಡು’ ಎಂಬ ಪುಸ್ತಕ ತಂದರು. ಇಡೀ ಕನ್ನಡದಲ್ಲಿ ಬದುಕಿನ ಹೊರಳುವಿಕೆಯನ್ನು ಇಷ್ಟು ನೇರವಾಗಿ ಹಾಡಿದ ಇನ್ನೊಂದು ಪರಂಪರೆ ನನಗೆ ಕಾಣದು. ತವರು ಬಿಟ್ಟು ಬಂದದ್ದು, ಕರೆಯಲು ಬಾರದ ಅಣ್ಣ, ಮಕ್ಕಳಿಲ್ಲದ ಬಂಜೆತನದ ನೋವು, ತಾಯಿ ಸತ್ತ ಮೇಲೆ ತವರಿನಲ್ಲಿ ಅತ್ತಿಗೆಯ ಮುಖ ಹೇಗಿರುತ್ತದೆ ಎಂಬ ಅಂಜಿಕೆ, ಎಲ್ಲವೂ ಅಲ್ಲಿವೆ. ಗರತಿ ‘ನಾನು’ ಎಂದೇ ಹಾಡುತ್ತಾಳೆ. ಬೀಸುಕಲ್ಲಿನ ಮುಂದೆ ಕೂತವಳಿಗೆ ಸಭೆ ಬೇಕಿರಲಿಲ್ಲ, ಅಪ್ಪಣೆ ಬೇಕಿರಲಿಲ್ಲ. ಕಲ್ಲಿನ ಸದ್ದೇ ಶ್ರುತಿ, ಅದೇ ಮರೆ ಕೂಡ. ಅತ್ತೆ ಪಡಸಾಲೆಯಲ್ಲಿದ್ದರೂ ಹೇಳುವುದನ್ನು ಹೇಳಿಬಿಡಬಹುದಿತ್ತು.

ನಾಲ್ಕು ವರ್ಷದ ಅಂತರದಲ್ಲಿ ನಡೆದ ಈ ಎರಡು ಕೆಲಸಗಳೂ ದೊಡ್ಡವು. ವ್ಯತ್ಯಾಸವಿರುವುದು ಏನು ಉಳಿಯಿತು ಎಂಬಲ್ಲಿ. ಬ್ರಿಸ್ಟಲ್‌ನಲ್ಲಿ ಧ್ವನಿ ಉಳಿಯಿತು, ಅದರ ಜೊತೆ ಹಾಡಿದವರ ಹೆಸರು, ಅವರ ಕೂಲಿ, ಅವರ ಕೆಮ್ಮು ಎಲ್ಲ ಉಳಿದವು. ಹಲಸಂಗಿಯಲ್ಲಿ ಮಾತು ಉಳಿಯಿತು. ಆ ಗೆಳೆಯರ ಕೈಯಲ್ಲಿ ಯಂತ್ರವಿರಲಿಲ್ಲ, ಇದ್ದದ್ದು ಕಾಗದ ಮತ್ತು ಪ್ರೀತಿ. ಅವರು ಬರೆದುಕೊಳ್ಳದಿದ್ದರೆ ಮಾತೂ ಉಳಿಯುತ್ತಿರಲಿಲ್ಲ. ಗ್ರಾಮಫೋನು ನಮ್ಮ ನಾಡಿಗೆ ಬಂದಾಗ ಹೆಚ್ಚಾಗಿ ಹೋದದ್ದು ನಾಟಕ ಕಂಪನಿಗಳ ನಟರ ಬಳಿಗೆ, ಆಸ್ಥಾನದ ವಿದ್ವಾಂಸರ ಬಳಿಗೆ. ಬೀಸುಕಲ್ಲಿನ ಮುಂದೆ ಅದು ಕೂರಲಿಲ್ಲ. ಹಾಗಾಗಿ ಕನ್ನಡದ ಹಾಡು ಆರಂಭದಲ್ಲೇ ಎರಡಾಗಿ ಒಡೆಯಿತು: ಮಾತು ಪುಸ್ತಕಕ್ಕೆ, ಕಂಠ ವೇದಿಕೆಗೆ. ಹಾಡಿದ ಗರತಿ ಯಾರೆಂದು ತಿಳಿಯದೆ ಹೋಯಿತು. ಅವಳ ನೋವನ್ನು ಮುಂದೆ ತಾಲೀಮು ಪಡೆದ ಕಂಠಗಳು ಇಂಪಾಗಿ ಹಾಡಿದವು.

ಸುಗಮ ಸಂಗೀತ ಹುಟ್ಟಿದ್ದು ಈ ಒಡಕಿನ ಮೇಲೆಯೇ. ಪಿ. ಕಾಳಿಂಗರಾಯರು ಕವಿತೆಗಳನ್ನೂ ಜನಪದ ಗೀತೆಗಳನ್ನೂ ಸಭೆಗೆ ತಂದರು. ಮೈಸೂರು ಅನಂತಸ್ವಾಮಿಯವರು ಅವನ್ನು ಮನೆಮನೆಗೆ ಮುಟ್ಟಿಸಿದರು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ಕ್ಯಾಸೆಟ್‌ಗಳ ಸಾಲೇ ಹರಿದುಬಂತು. ಅವುಗಳ ಮೇಲಿನ ಹೆಸರು ಗಮನಿಸಿ. ಕವಿಯ ಹೆಸರು, ಇಲ್ಲವೇ ಕವನಸಂಕಲನದ ಹೆಸರು. ಗಾಯಕರು ಆ ಹೆಸರಿನ ಸೇವಕರು. ಈ ವಿನಯದಿಂದ ಕನ್ನಡಕ್ಕೆ ಆದ ಲಾಭ ಅಳತೆಗೆ ಸಿಗದು. ಅಕ್ಷರ ಬಾರದವರ ನಾಲಗೆಯ ಮೇಲೂ ಕುವೆಂಪು, ಬೇಂದ್ರೆ ಕೂತದ್ದು ಇದರಿಂದ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಗಾಯಕ ಸಿ. ಅಶ್ವಥ್ ‘ಕನ್ನಡವೇ ಸತ್ಯ’ ಕಾರ್ಯಕ್ರಮ ನಡೆಸಿದಾಗ ಸಿನಿಮಾದ ನೆರವಿಲ್ಲದೆ ಕವಿತೆ ಕೇಳಲು ಜನಸಾಗರವೇ ಬಂತು. ಆ ಮೈದಾನ ನಮ್ಮ ಗಂಗಾನಗರ ಬಡಾವಣೆಗೆ ದೂರವಲ್ಲ. ಮೇಖ್ರಿ ವೃತ್ತ ದಾಟಿದರೆ ಆಯಿತು. ಅಂಥ ರಾತ್ರಿ ಇನ್ನೊಂದು ಭಾಷೆಗೆ ಸಿಕ್ಕಿದೆಯೇ ಎಂದು ನಾನು ಹೆಮ್ಮೆಯಿಂದಲೇ ಕೇಳುತ್ತೇನೆ.

ಆದರೆ ಅದೇ ಸಂಪತ್ತು ಗೋಡೆಯೂ ಆಯಿತು. ಅಶ್ವಥ್ ಅವರನ್ನೇ ತೆಗೆದುಕೊಳ್ಳಿ. ಹಗಲು ಐಟಿಐ ಕಾರ್ಖಾನೆಯ ನೌಕರಿ, ಸಂಜೆ ಹಾರ್ಮೋನಿಯಂ. ನಗರದ ಕಾರ್ಮಿಕ ಬದುಕನ್ನು ಒಳಗಿನಿಂದ ಕಂಡವರು ಅವರು. ಆ ಒರಟು, ಕೂಗಿ ಕರೆಯುವ ಕಂಠದಲ್ಲಿ ಶಿಶುನಾಳ ಶರೀಫರು ಮತ್ತೆ ಹುಟ್ಟಿಬಂದರು. ಕಾರ್ಖಾನೆಯ ಅಶ್ವಥ್ ಮಾತ್ರ ಹಾಡಿಗೆ ಬರಲಿಲ್ಲ. ಬರಬೇಕೆಂದು ನಾವು ಯಾರೂ ಕೇಳಲಿಲ್ಲ. ಇಷ್ಟು ದೊಡ್ಡ ಕವಿಗಳಿರುವಾಗ ಗಾಯಕರು ಯಾಕೆ ಬರೆಯಬೇಕು ಎಂಬುದು ನಮ್ಮೆಲ್ಲರ ಮನಸ್ಸಿನಲ್ಲಿದ್ದ ಮಾತು.

ಶರೀಫರು ಮಾತ್ರ ಹಾಗೆ ಕೇಳಿಕೊಂಡು ಕೂತವರಲ್ಲ. ಶಾಲೆಯ ಮಾಸ್ತರಿಕೆ ಬಿಟ್ಟವರು, ಹೆಂಡತಿಯನ್ನೂ ಮಗಳನ್ನೂ ಕಳೆದುಕೊಂಡವರು, ಕಳಸದ ಗೋವಿಂದಭಟ್ಟರ ಬೆನ್ನು ಹಿಡಿದು ಜಾತಿಯ ಬೇಲಿ ದಾಟಿದವರು. ಆ ಒಂದೊಂದು ಪಲ್ಲಟವೂ ತತ್ವಪದದಲ್ಲಿದೆ. ಸೋರುವ ಮನೆ, ಊರ ಸಂತೆ ಎಂಬ ವೇಷ ಹಾಕಿಕೊಂಡು ಬಂದಿದೆ, ಅಷ್ಟೇ. ಬರೆದವರೂ ಹಾಡಿದವರೂ ಒಬ್ಬರೇ. ನಾವು ಇವತ್ತು ಹಾಡುವಾಗ ತತ್ವವನ್ನು ಉಳಿಸಿಕೊಂಡು ಮನುಷ್ಯನನ್ನು ಬಿಟ್ಟುಬಿಟ್ಟಿದ್ದೇವೆ.

ಬೇಂದ್ರೆಯವರದು ಇನ್ನೂ ಹತ್ತಿರದ ಉದಾಹರಣೆ. ‘ನರಬಲಿ’ ಕವಿತೆಗಾಗಿ 1932ರಲ್ಲಿ ಬ್ರಿಟಿಷ್ ಸರ್ಕಾರ ಅವರನ್ನು ಹಿಂಡಲಗಿ ಸೆರೆಮನೆಗೆ ಕಳಿಸಿತು, ಆಮೇಲೆ ಮುಗದ ಊರಿನಲ್ಲಿ ನಿರ್ಬಂಧದಲ್ಲಿ ಇಟ್ಟಿತು. ಹೊರಗೆ ಬಂದ ಮೇಲೆ ನಿಲ್ಲುವ ನೌಕರಿಗಾಗಿ ವರ್ಷಗಟ್ಟಲೆ ಅಲೆದರು. ಸೊಲ್ಲಾಪುರದ ಕಾಲೇಜು ಸೇರಿದ್ದು 1944ರಲ್ಲಿ. ಹಲವು ಮಕ್ಕಳನ್ನು ಒಬ್ಬೊಬ್ಬರಾಗಿ ಮಣ್ಣಿಗೆ ಕೊಟ್ಟರು. ಈ ನಡುವೆ 1937ರಲ್ಲಿ ಬಂದ ‘ಸಖೀಗೀತ’ದಲ್ಲಿ ತಮ್ಮ ದಾಂಪತ್ಯದ ಕಥೆಯನ್ನೇ ಹಾಡಿದರು. ಬಡತನ, ಜಗಳ, ಸಾವು, ಮತ್ತೆ ಕೂಡಿಕೊಂಡದ್ದು, ಯಾವುದನ್ನೂ ಮುಚ್ಚಿಡಲಿಲ್ಲ. ಬದುಕಿನ ಏರುಪೇರಿನಿಂದ ಹುಟ್ಟಿ, ಮೊದಲಿಂದ ಕೊನೆಯವರೆಗೆ ಒಂದೇ ಕಟ್ಟಡವಾಗಿ ನಿಲ್ಲುವ ಕೃತಿಯನ್ನು ಆಲ್ಬಂ ಎನ್ನುವುದಾದರೆ ಕನ್ನಡದ ಆಲ್ಬಂ ಅದು. ಬೇಂದ್ರೆ ತಮ್ಮ ಕವಿತೆಯನ್ನು ತಾವೇ ಹಾಡಿದವರು, ಕುಣಿದವರು. ಕೇಳಿದವರು ಕೇಳಿದ್ದು ಕವಿತೆಯನ್ನೂ ಬೇಂದ್ರೆಯನ್ನೂ ಒಟ್ಟಿಗೆ.

ನನ್ನ ವಾದಕ್ಕೆ ಎದುರಾಗಿ ಬರುವ ಮಾತುಗಳಲ್ಲಿ ಎರಡು ಗಟ್ಟಿಯಾದವು. ಮನೆಯ ಮಾತನ್ನು ಬೀದಿಗೆ ತರಬಾರದು ಎನ್ನುವುದು ಒಂದು. ನಾನು ಇದನ್ನು ಹಳೆಯ ಕಾಲದ ಸಂಕೋಚ ಎಂದು ತಳ್ಳಿಹಾಕುವವನಲ್ಲ. ಒಬ್ಬನ ಪಲ್ಲಟದಲ್ಲಿ ಇನ್ನೊಬ್ಬರ ಮಾನವೂ ಇರುತ್ತದೆ. ಬಿಟ್ಟುಹೋದ ಹೆಂಡತಿಯ ಮೇಲೆ ಗಂಡ ಹಾಡು ಕಟ್ಟಿದರೆ ಅವಳಿಗೆ ಉತ್ತರಿಸಲು ಮೈಕು ಯಾರು ಕೊಡುತ್ತಾರೆ? ಇಸ್ಬೆಲ್ ಮತ್ತು ಶೈರ್ಸ್ ಇಬ್ಬರೂ ಹಾಡುವವರಾದ್ದರಿಂದ ಅಲ್ಲಿ ಎರಡು ಕಡೆಯೂ ಕೇಳಿಸಿತು. ಎಲ್ಲರಿಗೂ ಆ ಭಾಗ್ಯವಿಲ್ಲ. ಆದ್ದರಿಂದ ಹಾಡುವವರು ಮೊದಲು ತಮ್ಮ ತಪ್ಪನ್ನು ಹಾಡಲಿ, ಆಮೇಲೆ ಇನ್ನೊಬ್ಬರದು. ‘ಸೌತ್‌ಈಸ್ಟರ್ನ್’ನ ಶಕ್ತಿ ಇರುವುದೂ ಅಲ್ಲೇ. ಅದರಲ್ಲಿ ಎಲ್ಲರಿಗಿಂತ ಕಠಿಣವಾಗಿ ವಿಚಾರಣೆಗೆ ಒಳಗಾಗುವವನು ಹಾಡುವವನೇ. ಇನ್ನೊಂದು ಕಡೆಯಿಂದ ನೋಡಿದರೆ, ಮನೆಯ ಮಾತನ್ನು ಮುಚ್ಚಿಡಬೇಕೆಂಬ ಕಟ್ಟಳೆಯ ಭಾರವೆಲ್ಲ ಬೀಳುವುದು ಹೆಂಗಸರ ಮೇಲೆ. ಅದನ್ನು ಮೊದಲು ಮುರಿದವಳು ಬೀಸುಕಲ್ಲಿನ ಗರತಿಯೇ.

ಎರಡನೆಯದು, ಕವಿಯ ಮಾತಿಗೆ ಗಾಯಕರ ಮಾತು ಸಾಟಿಯಾದೀತೇ ಎಂಬುದು. ಹೆಚ್ಚು ಸಲ ಆಗಲಾರದು, ನಿಜ. ನೋವು ಸತ್ಯವಾದ ಮಾತ್ರಕ್ಕೆ ಹಾಡು ಒಳ್ಳೆಯದಾಗುವುದಿಲ್ಲ. ಡೈರಿಯ ಪುಟಕ್ಕೆ ರಾಗ ಹಾಕಿದರೆ ಅದು ಡೈರಿಯಾಗಿಯೇ ಉಳಿಯುತ್ತದೆ. ಆದರೆ ಹಾಡಿನ ಮಾತು ಕವಿತೆಯ ಮಾತಿನಷ್ಟು ನೇಯ್ಗೆ ಕೇಳುವುದಿಲ್ಲ. ಅದಕ್ಕೆ ಬೇಕಾದದ್ದು ಒಂದು ಕಣ್ಣಿಗೆ ಕಟ್ಟುವ ವಿವರ, ಒಂದು ಆಡುಮಾತು, ಅದನ್ನು ಆಡಲು ಹಕ್ಕಿರುವ ಕಂಠ. ಆಸ್ಪತ್ರೆಯ ಬಿಲ್ಲು ಕಟ್ಟಿ ಹೊರಗೆ ಬಂದು ಚಪ್ಪಲಿ ಹುಡುಕಿದ ಸಂಗತಿಯನ್ನು ಅನುಭವಿಸಿದವನು ಸಾದಾ ಮಾತಿನಲ್ಲಿ ಹಾಡಿದರೂ ಅದು ನಾಟುತ್ತದೆ.

ಕನ್ನಡದಲ್ಲಿ ಇದು ಆಗುತ್ತಿಲ್ಲವೇ ಎಂದರೆ, ಅಂಚಿನಲ್ಲಿ ಆಗುತ್ತಿದೆ. ರಘು ದೀಕ್ಷಿತ್ 2008ರಲ್ಲಿ ತಮ್ಮ ಮೊದಲ ಆಲ್ಬಂ ತಂದಾಗ ಸಿನಿಮಾದ ಹೊರಗೂ ಗಿಟಾರು ಹಿಡಿದ ಕನ್ನಡ ದನಿಗೆ ಜಾಗವಿದೆ ಎಂಬುದು ಖಚಿತವಾಯಿತು. ಅದರಲ್ಲಿಯೂ ಶರೀಫರ ಮಾತೇ ಗಟ್ಟಿಯಾಗಿ ಕೇಳಿಸಿತು. ರ‍್ಯಾಪ್ ಹಾಡುವ ಹುಡುಗರು ತಮ್ಮ ಗಲ್ಲಿ, ತಮ್ಮ ಸಾಲ, ತಮ್ಮ ಸಿಟ್ಟನ್ನು ಅಳುಕಿಲ್ಲದೆ ಹೇಳುತ್ತಿದ್ದಾರೆ. ನನಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಯುವಕರ ಹಾಡುಗಳು. ಹಲವರು ತಾವೇ ಬರೆದು, ಊರ ಪಕ್ಕದ ಸಣ್ಣ ಸ್ಟುಡಿಯೋದಲ್ಲಿ ಹಾಡಿ, ಯೂಟ್ಯೂಬಿಗೆ ಏರಿಸುತ್ತಾರೆ. ಮಾಳು ನಿಪನಾಳ ಅವರು ವಾಹನ ಓಡಿಸುವವನ ಪ್ರೇಮದ ಹಾಡಿನಿಂದ ನಾಡಿಗೆಲ್ಲ ಪರಿಚಿತರಾದರು. ಟ್ರ್ಯಾಕ್ಟರು, ಕಬ್ಬಿನ ಗದ್ದೆ, ಜಾತ್ರೆ, ಮುರಿದ ಪ್ರೀತಿ, ಎಲ್ಲ ಅಲ್ಲಿನ ಮಾತಿನಲ್ಲಿಯೇ ಬರುತ್ತವೆ. ಅಮೆರಿಕದ ಹಳ್ಳಿಗಾಡಿನ ಹಾಡಿಗೆ ಕನ್ನಡದ ಸೋದರ ಇದು. ಇದರ ಕೊರತೆಯೂ ಕಣ್ಣೆದುರೇ ಇದೆ. ಬಹಳಷ್ಟು ಹಾಡುಗಳಲ್ಲಿ ಕೈಕೊಟ್ಟ ಹುಡುಗಿಯನ್ನು ಬೈಯುವುದರಲ್ಲೇ ಮಾತು ಮುಗಿಯುತ್ತದೆ. ಹುಡುಗಿಯ ಕಡೆಯ ಮಾತು ಇಲ್ಲ, ತನ್ನ ತಪ್ಪಿನ ಮಾತೂ ಇಲ್ಲ. ಒಂದು ಹಾಡು ಓಡಿದರೆ ಮುಂದಿನ ವಾರಕ್ಕೆ ಅಂಥದೇ ಇನ್ನೊಂದು ಬೇಕು. ವರ್ಷ ಕಾದು ಹತ್ತು ಹಾಡು ಕಟ್ಟಲು ಅವರಿಗೆ ಬಿಡುವನ್ನೂ ಹಣವನ್ನೂ ಕೊಡುವವರಿಲ್ಲ.

ಹೀಗೆಲ್ಲ ಬರೆಯುವಾಗ ಸುಕ್ರಿ ಬೊಮ್ಮಗೌಡರ ಮುಖ ಕಣ್ಣೆದುರು ಬರುತ್ತದೆ. ಅಂಕೋಲಾದ ಬಡಗೇರಿಯ ಹಾಲಕ್ಕಿ ಒಕ್ಕಲಿನ ಹಾಡುಗಾರ್ತಿ. ಗಂಡನನ್ನು ಕಳೆದುಕೊಂಡರು. ಸಾಕಿದ ಮಗನನ್ನು ಕುಡಿತ ತಿಂದಿತು. ಆ ಸಾವಿನ ಮೇಲೆ ಅವರು ಮನೆಯಲ್ಲಿ ಕೂರದೆ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ಹೋರಾಟಕ್ಕೆ ನಿಂತರು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ನಾವು ಅವರನ್ನು ಸಾವಿರಾರು ಹಾಡುಗಳನ್ನು ನೆನಪಿನಲ್ಲಿಟ್ಟುಕೊಂಡವರೆಂದು ಗೌರವಿಸಿದೆವು. ಅದು ಸರಿಯಾದ ಗೌರವವೇ. ಆದರೆ ನಾವು ಅವರಿಂದ ಕೇಳಿ ಪಡೆದದ್ದು ಹಿರಿಯರು ಬಿಟ್ಟುಹೋದ ಹಾಡನ್ನು. ಬಿಳಿ ಗೋಡೆಯ ಸ್ಟುಡಿಯೋ ಒಂದರಲ್ಲಿ ಕೂರಿಸಿ, ಅವ್ವಾ, ನಿನ್ನ ಮಗನ ಹಾಡು ಕಟ್ಟು, ನಿನ್ನ ಹೆಸರಿನಲ್ಲೇ ಒಂದು ಆಲ್ಬಂ ತರುತ್ತೇವೆ ಎಂದು ಹೇಳಬಹುದಿತ್ತು. ಕುಡಿತ ಬಿಟ್ಟ ಅಲಬಾಮಾದ ಗಾಯಕನ ಆಲ್ಬಂ ಪಕ್ಕದಲ್ಲಿ, ಕುಡಿತಕ್ಕೆ ಮಗನನ್ನು ಕೊಟ್ಟ ಅಂಕೋಲೆಯ ತಾಯಿಯ ಆಲ್ಬಂ ಇರಬೇಕಿತ್ತು. ಜಗತ್ತಿನ ಯಾವ ಕೇಳುಗರಾದರೂ ತಲೆಬಾಗುತ್ತಿದ್ದರು.

ಗಂಗಾನಗರದ ಮಾತನ್ನೂ ಆಡಬೇಕು. ಬಳ್ಳಾರಿ ರಸ್ತೆಯಲ್ಲಿ ಮೇಖ್ರಿ ವೃತ್ತದಿಂದ ಹೆಬ್ಬಾಳದ ಕಡೆ ಹೊರಟರೆ ಬಲಕ್ಕೆ ಸಿಗುವ ಈ ಬಡಾವಣೆಯಲ್ಲಿ, ಪಕ್ಕದ ಆರ್.ಟಿ. ನಗರದಲ್ಲಿ, ಬದುಕು ಹೊರಳದ ಮನೆ ಸಿಗುವುದು ಕಷ್ಟ. ನಿವೃತ್ತರಾಗಿ ಮಕ್ಕಳನ್ನು ಹೊರದೇಶಕ್ಕೆ ಕಳಿಸಿ ಇಬ್ಬರೇ ಉಳಿದವರಿದ್ದಾರೆ. ಪಿ.ಜಿ. ಕೋಣೆಗಳಲ್ಲಿ ಮೊದಲ ಸಂಬಳ ಎಣಿಸುವವರು, ಅದೇ ಕೋಣೆಯಲ್ಲಿ ಕೆಲಸ ಹೋದ ಸುದ್ದಿಯನ್ನು ಊರಿಗೆ ಹೇಳದೆ ಇಟ್ಟುಕೊಂಡವರು ಇದ್ದಾರೆ. ಹೆಬ್ಬಾಳದ ಸುತ್ತ ಏಳುತ್ತಿರುವ ಕಟ್ಟಡಗಳಿಗೆ ಕಲಬುರಗಿ, ಯಾದಗಿರಿ, ರಾಯಚೂರಿನಿಂದ ಬಂದು ತಗಡಿನ ಶೆಡ್ಡಿನಲ್ಲಿ ಮಗು ಮಲಗಿಸಿ ಇಟ್ಟಿಗೆ ಹೊರುವ ಹೆಂಗಸರಿದ್ದಾರೆ. ಅವರ ಅಜ್ಜಿಯಂದಿರು ತ್ರಿಪದಿ ಕಟ್ಟಿದವರು.

ನವೆಂಬರ್ ಬಂದರೆ ಈ ಬೀದಿಗಳಲ್ಲಿ ರಾಜ್ಯೋತ್ಸವದ ವೇದಿಕೆ ಏಳುತ್ತದೆ. ಕೆಂಪು ಹಳದಿ ಬಟ್ಟೆ, ಬಾಡಿಗೆಯ ಸೌಂಡ್ ಸಿಸ್ಟಂ, ಮೊಬೈಲಿನಿಂದ ಟ್ರ್ಯಾಕ್ ಹಾಕಿ ಹಾಡುವ ಸ್ಥಳೀಯ ಪ್ರತಿಭೆಗಳು. ಹಾಡುಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಹೆಚ್ಚು ಬದಲಾಗುವುದಿಲ್ಲ: ನಾಡಿನ ಹಾಡು, ಭಾವಗೀತೆ, ಆಮೇಲೆ ಸಿನಿಮಾ. ಅವು ಇರಲಿ, ಅವಿಲ್ಲದ ನವೆಂಬರ್ ನನಗೂ ಬೇಡ. ಆದರೆ ನಾಡನ್ನು ಹೊಗಳುವ ಹಾಡಿನಷ್ಟೇ ನಾಡಿನಲ್ಲಿ ಬದುಕುವವರ ಹಾಡೂ ಕನ್ನಡದ ಹಬ್ಬಕ್ಕೆ ಸಲ್ಲುತ್ತದೆ.

ಇದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಸಂಘಟಕರು ಪ್ರತಿ ಕಾರ್ಯಕ್ರಮದಲ್ಲಿ ಅರ್ಧ ಗಂಟೆಯನ್ನು ಸ್ವಂತ ರಚನೆಗೆ ಮೀಸಲಿಡಲಿ; ಹಾಡುವವರು ತಾವೇ ಬರೆದದ್ದು, ತಮ್ಮ ಬದುಕಿನಿಂದ ತೆಗೆದದ್ದು ಎಂಬುದೊಂದೇ ಷರತ್ತು. ಸುಗಮ ಸಂಗೀತದ ಶಿಬಿರಗಳಲ್ಲಿ ರಾಗ, ಉಚ್ಚಾರಣೆ ಕಲಿಸುವ ಗುರುಗಳು ಒಂದು ಪಲ್ಲವಿ ಬರೆಯುವುದನ್ನೂ ಕಲಿಸಲಿ. ಸಂಸ್ಕೃತಿಗೆ ಹಣ ಕೊಡುವ ಇಲಾಖೆ ಮತ್ತು ಅಕಾಡೆಮಿಗಳು ವರ್ಷಕ್ಕೆ ನಾಲ್ಕಾರು ಹೊಸ ಹಾಡುಗಾರರಿಗೆ ಒಂದು ಇಡೀ ಆಲ್ಬಂ ಕಟ್ಟುವಷ್ಟು ಬಿಡುವನ್ನು ಕೊಳ್ಳಲು ನೆರವಾಗಲಿ. ಬೀದರಿನವರಿಗೂ ಕೊಡಲಿ, ಕಾಸರಗೋಡಿನವರಿಗೂ ಕೊಡಲಿ. ಕೇಳುಗರಾದ ನಮ್ಮ ಕೆಲಸ ಇನ್ನೂ ಸಣ್ಣದು. ಗೊತ್ತಿಲ್ಲದ ಹಾಡು ಶುರುವಾದಾಗ ಎದ್ದು ಹೋಗದೆ ಕೂರುವುದು, ಮುಗಿದ ಮೇಲೆ ಹಾಡಿದವರ ಹೆಸರು ಕೇಳುವುದು. ಈ ನವೆಂಬರಿನಲ್ಲಿ ನಿಮ್ಮ ಬೀದಿಯ ವೇದಿಕೆಗೆ ಯಾರಾದರೂ ತಾವೇ ಬರೆದ ಹಾಡು ಹಿಡಿದು ಬಂದರೆ, ದಯವಿಟ್ಟು ಅವರನ್ನು ಪಟ್ಟಿಯ ಕೊನೆಗೆ ತಳ್ಳಬೇಡಿ. ಜನ ಇರುವಾಗಲೇ ಹಾಡಿಸಿ.